ಓವನ್‌ನಲ್ಲಿ ಬಿಳಿ ಮೀನಿನ ಫಿಲೆಟ್: ವಾರದ ದಿನದ ರಾತ್ರಿ ಊಟಕ್ಕೆ ಪದೇ ಪದೇ ಕೇಳೋ ಪ್ರಶ್ನೆಗಳು

ಮೀನು ಅಂದ್ರೆ ನಮ್ಮಲ್ಲಿ ಸಾರು, ಇಲ್ಲಾಂದ್ರೆ ತವಾ ಫ್ರೈ. ಎರಡೂ ನಂಗೆ ಪ್ರಾಣ, ಆದ್ರೆ ಆಫೀಸಿಂದ ಏಳೂವರೆ ಎಂಟಕ್ಕೆ ಬಂದು ಕಾಯಿ ತುರಿದು ಮಸಾಲೆ ರುಬ್ಬಿ ಸಾರು ಕುದಿಸೋ ಶಕ್ತಿ ಎಲ್ರಿಗೂ ಇರಲ್ಲ, ಫ್ರೈ ಮಾಡೋಕೆ ನಿಂತ್ರೆ ಒಂದೊಂದೇ ತುಂಡು ತಿರುವಿ ಹಾಕ್ತಾ ಒಲೆ ಮುಂದೇನೇ ಅರ್ಧ ಗಂಟೆ ಹೋಗತ್ತೆ. ಕೇಕ್ ಮಾಡೋಕೆ ಅಂತ ತಗೊಂಡ ಒಟಿಜಿ (ಸಣ್ಣ ಕರೆಂಟ್ ಓವನ್) ಎಷ್ಟೋ ಮನೇಲಿ ಸುಮ್ನೆ ಕೂತಿರತ್ತೆ, ಅದ್ರಲ್ಲಿ ಮೀನು ಹದಿನೈದು ನಿಮಿಷದಲ್ಲಿ ಬೇಯತ್ತೆ, ಅಷ್ಟರಲ್ಲಿ ನೀವು ಅನ್ನಕ್ಕಿಟ್ಟು ಮುಖ ತೊಳ್ಕೊಂಡು ಬರ್ಬೋದು. ಕೇಳೋರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಬರ್ದಿದೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ: ಇಲ್ಲಿ ಎಲ್ಲಾ ಆಟ ನೀರಿಂದು. ಮೀನಿನ ಮೇಲಿರೋ ನೀರು ಓವನ್‌ಗೆ ಹೋಗೋಕೆ ಮುಂಚೆ ಹೋಗ್ಬೇಕು, ಮೀನಿನ ಒಳಗಿರೋ ನೀರು ತಟ್ಟೆಗೆ ಬರೋವರ್ಗೂ ಒಳಗೇ ಇರ್ಬೇಕು.

ಬಿಳಿ ಮೀನು ಅಂದ್ರೆ ಯಾವ್ಯಾವ್ದು? ಬಂಗುಡೆ, ಬೂತಾಯಿ ಸೇರತ್ತಾ?

ಇಲ್ಲ, ಅವೆರಡೂ ಎಣ್ಣೆ ಅಂಶ ಜಾಸ್ತಿ ಇರೋ ಮೀನು, ಮಾಂಸದ ಬಣ್ಣಾನೂ ಗಾಢ. ಓವನ್‌ನಲ್ಲಿ ಅವೂ ಚೆನ್ನಾಗೇ ಆಗತ್ತೆ, ಲೆಕ್ಕ ಮಾತ್ರ ಬೇರೆ. ಬಿಳಿ ಮೀನು ಅಂದ್ರೆ ಕೊಬ್ಬು ಕಮ್ಮಿ, ಮಾಂಸ ಬೆಳ್ಳಗೆ, ರುಚಿ ಸಪ್ಪೆ ಅಲ್ಲ ಆದ್ರೆ ಮೃದು. ನಮ್ಮ ಕರಾವಳೀಲಿ ಕಾಣೆ (ಕಾರವಾರ ಕಡೆಯವ್ರು ನೋಗ್ಲಿ ಅಂತಾರೆ), ಮುರು ಮೀನು, ಕೊಡ್ಡಾಯಿ, ಪಾಂಪ್ಲೆಟ್ ಅಂದ್ರೆ ಮಾಂಜಿ, ಇವೆಲ್ಲ ನಡೆಯತ್ತೆ. ಸೂಪರ್ ಮಾರ್ಕೆಟ್ ಫ್ರೀಜರ್‌ನಲ್ಲಿ ಸಿಗೋದು ಬಾಸಾ, ತಿಲಾಪಿಯಾ. ಅಂಜಲ್ ಮಧ್ಯದಲ್ಲಿ ಬರತ್ತೆ, ಅದನ್ನ ಫಿಲೆಟ್ (ಮುಳ್ಳು ಬಿಡಿಸಿದ ಮಾಂಸದ ತುಂಡು) ಮಾಡ್ಸೋಕಿಂತ ಮುಳ್ಳು ಸಮೇತ ಎರಡು ಸೆಂಟಿಮೀಟರ್ ದಪ್ಪದ ಸ್ಲೈಸ್ ಮಾಡ್ಸಿ ಬೇಕ್ ಮಾಡಿದ್ರೇ ಚೆಂದ.

ಫಿಲೆಟ್‌ಗೆ ನನ್ನ ಮೊದಲ ಆಯ್ಕೆ ಮುರು ಮೀನು, ಮಾಂಸ ಗಟ್ಟಿ, ಸ್ವಲ್ಪ ಹೆಚ್ಚುಕಮ್ಮಿ ಬೇಯಿಸಿದ್ರೂ ಕ್ಷಮಿಸತ್ತೆ. ಕಾಣೆ ರುಚಿಗೆ ಸಾಟಿ ಇಲ್ಲ, ಆದ್ರೆ ಸಣ್ಣ ಮೀನು, ಫಿಲೆಟ್ ತೆಳ್ಳಗೆ ಬರತ್ತೆ, ಎಂಟು ನಿಮಿಷಕ್ಕೇ ಕಣ್ಣಿಡ್ಬೇಕು. ಮೀನಂಗಡೀಲಿ "ಮಧ್ಯದ ಮುಳ್ಳು ತೆಗ್ದು ಎರಡು ಕಡೆ ಮಾಂಸ ಬಿಡಿಸಿಕೊಡಿ" ಅಂದ್ರೆ ಮಾಡಿಕೊಡ್ತಾರೆ, ತಲೆ ಮುಳ್ಳು ಬಿಟ್ಟು ಬರ್ಬೇಡಿ, ಭಾನುವಾರದ ಸಾರಿಗೆ ಅದೇ ರುಚಿ.

ಬಾಸಾ ತಿನ್ಬೋದಾ? ಕೆಟ್ಟದ್ದು ಅಂತ ವಾಟ್ಸಾಪಲ್ಲಿ ಬರ್ತಾನೇ ಇರತ್ತೆ.

ತಿನ್ಬೋದು. ಬಾಸಾ ಅನ್ನೋದು ಪಂಗಾಸಿಯಸ್ ಜಾತಿಯ ಸಿಹಿನೀರಿನ ಸಾಕಣೆ ಮೀನು, ವಿಯೆಟ್ನಾಂನ ಮೆಕಾಂಗ್ ನದೀಮುಖದ ಕಡೆ ದೊಡ್ಡ ಪ್ರಮಾಣದಲ್ಲಿ ಸಾಕ್ತಾರೆ, ನಮ್ಮ ಆಂಧ್ರದಲ್ಲೂ ಪಂಗಾಸಿಯಸ್ ಸಾಕಣೆ ಜೋರಾಗಿದೆ. ಪ್ಯಾಕ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಪ್ಯಾಕ್ ಮಾಡಿದ ತಾರೀಕು, ಎಕ್ಸ್‌ಪೈರಿ ಇದ್ಯಾ ನೋಡಿ. ಒಳಗೆ ಮಂಜಿನ ಹುಡಿ ತುಂಬಿದ್ರೆ ಅಥವಾ ಫಿಲೆಟ್‌ಗಳು ಒಂದಕ್ಕೊಂದು ಅಂಟಿ ಒಂದೇ ಗಡ್ಡೆ ಆಗಿದ್ರೆ ಬೇಡ, ದಾರೀಲಿ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿರೋ ಸಾಧ್ಯತೆ ಜಾಸ್ತಿ.

ಆದ್ರೆ ಒಂದು ಮಾತು ಒಪ್ತೀನಿ, ಬಾಸಾಗೆ ಸ್ವಂತ ರುಚಿ ಕಮ್ಮಿ, ಕಾಣೆ ತಿಂದ ನಾಲಗೆಗೆ ಅದು ಹಿಡಿಸಲ್ಲ. ಮುಳ್ಳಿಲ್ಲ, ವರ್ಷವಿಡೀ ಸಿಗತ್ತೆ, ಮಸಾಲೆ ಹಿಡ್ಕೊಳತ್ತೆ, ಮಕ್ಕಳು ತಿಂತಾರೆ, ಅಷ್ಟು ಅದರ ಗುಣ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳೀಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರತ್ತಲ್ಲ, ಮೀನು ಮೊಟ್ಟೆ ಇಡೋ ಕಾಲ ಅಂತ, ಆ ಎರಡು ತಿಂಗಳು ತಾಜಾ ಸಮುದ್ರದ ಮೀನು ಕಮ್ಮಿ, ಇದ್ರೂ ರೇಟು ಕೇಳಂಗಿಲ್ಲ. ಆಗ ಫ್ರೀಜರ್‌ನ ಬಾಸಾ ಕೈ ಹಿಡಿಯತ್ತೆ.

ಫ್ರೋಜನ್ ಫಿಲೆಟ್ ಹೇಗೆ ಕರಗಿಸೋದು? ನೇರ ಓವನ್‌ಗೆ ಹಾಕ್ಬೋದಾ?

ಬೆಳಗ್ಗೆ ಮನೆ ಬಿಡೋ ಮುಂಚೆ ಫ್ರೀಜರಿಂದ ತೆಗ್ದು ಒಂದು ಜಾಲರಿ ಪಾತ್ರೆಗೆ ಹಾಕಿ, ಅದರ ಕೆಳಗೊಂದು ಬಟ್ಟಲಿಟ್ಟು, ಮುಚ್ಚಿ ಫ್ರಿಜ್‌ನ ಕೆಳಗಿನ ಶೆಲ್ಫಲ್ಲಿ ಇಟ್ಟು ಹೋಗಿ. ಸಂಜೆಗೆ ಸರಿಯಾಗಿ ಕರಗಿರತ್ತೆ, ಬಟ್ಟಲಲ್ಲಿ ನೀರು ಇಳಿದಿರತ್ತೆ. ಮರ್ತೋದ್ರೆ ಗಾಳಿ ಆಡದ ಜಿಪ್ ಕವರ್‌ಗೆ ಹಾಕಿ ತಣ್ಣೀರಲ್ಲಿ ಮುಳುಗಿಸಿ, ಅರ್ಧದಿಂದ ಮುಕ್ಕಾಲು ಗಂಟೆ ಸಾಕು, ಮಧ್ಯೆ ಒಮ್ಮೆ ನೀರು ಬದಲಾಯ್ಸಿ. ಬಿಸಿನೀರು ಬೇಡ, ಹೊರಗಿನ ಪದರ ಬೆಂದಂಗಾಗಿ ಒಳಗಿನ್ನೂ ಕಲ್ಲಿರತ್ತೆ. ಸಿಂಕ್ ಪಕ್ಕ ಕಟ್ಟೆ ಮೇಲೆ ಇಡೀ ದಿನ ಬಿಡೋದಂತೂ ಬೇಡವೇ ಬೇಡ, ನಮ್ಮ ಸೆಖೆಗೆ ಮೀನು ಅಷ್ಟು ಹೊತ್ತು ತಡ್ಕೊಳಲ್ಲ.

ವ್ಯಾಕ್ಯೂಮ್ ಪ್ಯಾಕ್ ಬಂದಿದ್ರೆ ಫ್ರಿಜ್‌ನಲ್ಲಿ ಕರಗಿಸೋಕೆ ಮುಂಚೆ ಪ್ಯಾಕ್ ಕತ್ತರಿಸಿ ಬಿಡಿ. ಗಾಳಿ ಇಲ್ಲದ ಜಾಗದಲ್ಲಿ ಬೆಳೆಯೋ ಬೊಟುಲಿನಮ್ ಅನ್ನೋ ಬ್ಯಾಕ್ಟೀರಿಯಾ ಇದೆ, ಅದು ವಿಷ ಉತ್ಪತ್ತಿ ಮಾಡತ್ತೆ, ಗಾಳಿ ಆಡಿದ್ರೆ ಆ ಅಪಾಯ ತಪ್ಪತ್ತೆ. ಇದನ್ನ ತುಂಬಾ ಜನ ಹೇಳಲ್ಲ, ದಯವಿಟ್ಟು ಮಾಡಿ.

ನೇರ ಫ್ರೀಜರಿಂದ ಓವನ್‌ಗೆ ಹಾಕ್ಬೋದು, ತಪ್ಪೇನಿಲ್ಲ, ಟೈಮ್ ಒಂದೂವರೆ ಪಟ್ಟು ಹಿಡಿಯತ್ತೆ. ಆದ್ರೆ ಮಸಾಲೆ ಹಿಡಿಯಲ್ಲ, ನೀರು ಬಿಟ್ಕೊಂಡು ಅರ್ಧ ಬೇಕ್ ಅರ್ಧ ಬೇಯಿಸಿದಂಗೆ ಆಗತ್ತೆ. ತುಂಬಾ ಹಸಿವಾಗಿದ್ರೆ ಸರಿ.

ಬೇಕ್ ಮಾಡಿದ್ರೆ ಟ್ರೇ ತುಂಬಾ ಬೆಳ್ಳಗೆ ನೀರು ನಿಲ್ಲತ್ತೆ, ಯಾಕೆ?

ಎಲ್ಲಾ ಪ್ರಶ್ನೆಗಿಂತ ಮುಖ್ಯವಾದ ಪ್ರಶ್ನೆ ಇದು. ನೀರು ಮೂರು ಕಡೆಯಿಂದ ಬರತ್ತೆ. ಮೊದಲನೇದು ಗ್ಲೇಜಿಂಗ್. ಫ್ರೋಜನ್ ಫಿಲೆಟ್ ಒಣಗದೇ ಇರ್ಲಿ ಅಂತ ಕಂಪನಿಯವ್ರು ಮೇಲೆ ತೆಳ್ಳಗೆ ಐಸ್ ಪದರ ಕಟ್ಟಿರ್ತಾರೆ. ಕೆಲವು ಕಡೆ ಫಾಸ್ಫೇಟ್ ಲವಣದ ನೀರಲ್ಲಿ ನೆನೆಸ್ತಾರೆ, ಅದು ಮಾಂಸ ನೀರು ಹೀರಿಕೊಳ್ಳೋ ಹಾಗೆ ಮಾಡತ್ತೆ, ಪ್ಯಾಕ್ ಹಿಂದೆ ಇಂಗ್ರೀಡಿಯಂಟ್ಸ್ ಓದಿ, ಬರೀ ಮೀನು ಅಂತಿದ್ರೆ ಅದನ್ನೇ ಆರಿಸ್ಕೊಳಿ. ಎರಡನೇದು, ಫ್ರೀಜ್ ಆದಾಗ ಮಾಂಸದೊಳಗೆ ಐಸ್ ಹರಳು ಬೆಳೆದು ಜೀವಕೋಶ ಹರಿದಿರತ್ತೆ, ಕರಗಿದಾಗ ಅಲ್ಲಿಂದ ನೀರು ಸೋರತ್ತೆ. ಮೂರನೇದು ನಮ್ಮ ಕೈಲಿರೋದು, ಅತಿಯಾಗಿ ಬೇಯಿಸೋದು. ಬಿಸಿ ಏರ್ತಾ ಏರ್ತಾ ಪ್ರೋಟೀನ್ ಕುಗ್ಗಿ, ಒದ್ದೆ ಬಟ್ಟೆ ಹಿಂಡಿದಂಗೆ ಒಳಗಿನ ರಸವನ್ನ ಹೊರಗೆ ತಳ್ಳತ್ತೆ. ಆ ರಸದ ಜೊತೆ ಬರೋ ಪ್ರೋಟೀನೇ ಬೆಳ್ಳಗೆ ಮೊಸರಿನ ಥರ ಕಾಣೋದು, ತಿಂದ್ರೆ ಏನೂ ಆಗಲ್ಲ.

ಮಾಡ್ಬೇಕಾದ್ದು ಇಷ್ಟು. ಕರಗಿದ ಮೀನು ತೊಳ್ದು, ಅರ್ಧ ಕೆಜಿಗೆ ಮುಕ್ಕಾಲು ಚಮಚ ಉಪ್ಪು ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ, ಉಪ್ಪು ಮೇಲಿನ ನೀರನ್ನ ಎಳೆದು ಹೊರಗೆ ಹಾಕತ್ತೆ, ಮಾಂಸವನ್ನೂ ಸ್ವಲ್ಪ ಗಟ್ಟಿ ಮಾಡತ್ತೆ. ಆಮೇಲೆ ಕಿಚನ್ ಟಿಶ್ಯೂ ಅಥವಾ ಮೀನಿಗೇ ಅಂತ ಇಟ್ಕೊಂಡ ಹಳೇ ಕಾಟನ್ ಬಟ್ಟೆಯಿಂದ ಎರಡೂ ಕಡೆ ಒತ್ತಿ ಒರೆಸಿ, ಮುಟ್ಟಿದ್ರೆ ಜಾರಬಾರ್ದು, ಬೆರಳಿಗೆ ಸ್ವಲ್ಪ ಅಂಟಬೇಕು, ಅಷ್ಟು. ನಮ್ಮ ಮನೆಗಳಲ್ಲಿ ಅರಿಶಿನ ಉಪ್ಪು ಸವರಿ ತೊಳ್ಯೋ ಪದ್ಧತಿ ಹೇಗೂ ಇದೆ, ಅದರ ನಂತರ ಒರೆಸೋದೊಂದನ್ನ ಸೇರಿಸ್ಕೊಳಿ. ಸಾರಿಗೆ ಇದು ಬೇಕಾಗಿಲ್ಲ, ಓವನ್‌ಗೆ ಬೇಕೇ ಬೇಕು, ಯಾಕಂದ್ರೆ ಮೇಲೆ ನೀರಿದ್ರೆ ಓವನ್‌ನ ಬಿಸಿ ಎಲ್ಲ ಆ ನೀರು ಆವಿ ಮಾಡೋಕೇ ಖರ್ಚಾಗತ್ತೆ, ಮೀನು ಕೆಂಪಗಾಗೋದೇ ಇಲ್ಲ.

ಎಷ್ಟು ಡಿಗ್ರಿ, ಎಷ್ಟು ನಿಮಿಷ?

200 ಡಿಗ್ರಿ ಸೆಲ್ಸಿಯಸ್, ಮೇಲೆ ಕೆಳಗೆ ಎರಡೂ ರಾಡ್ ಆನ್, ಮಧ್ಯದ ರ‍್ಯಾಕ್. ಹತ್ತು ನಿಮಿಷವಾದ್ರೂ ಪ್ರೀಹೀಟ್ ಮಾಡಿ, ತಣ್ಣಗಿರೋ ಓವನ್‌ನಲ್ಲಿಟ್ರೆ ಮೀನು ಬಿಸಿ ಏರೋವಾಗ್ಲೇ ನೀರು ಬಿಡೋಕೆ ಶುರು ಮಾಡತ್ತೆ. ಟೈಮ್ ನೋಡ್ಬೇಕಾದ್ದು ತೂಕದಿಂದಲ್ಲ, ದಪ್ಪದಿಂದ. ಒಂದು ಸೆಂಟಿಮೀಟರ್ ದಪ್ಪದ ಕಾಣೆ, ತೆಳು ಬಾಸಾಗೆ 8ರಿಂದ 10 ನಿಮಿಷ. ಎರಡೂವರೆ ಸೆಂಟಿಮೀಟರ್ ಅಂದ್ರೆ ಒಂದಿಂಚು ದಪ್ಪದ ಮುರು, ದಪ್ಪ ಬಾಸಾಗೆ 12ರಿಂದ 15. ಕೆನಡಾ ಕಡೆ ಇಂಚಿಗೆ ಹತ್ತು ನಿಮಿಷ ಅನ್ನೋ ಹಳೇ ಸೂತ್ರ ಇದೆ, ಅದು 230 ಡಿಗ್ರಿ ಬಿಸಿಗೆ ಹೇಳಿದ್ದು, ನಮ್ಮ ಸಣ್ಣ ಒಟಿಜಿಗಳಲ್ಲಿ ಅಷ್ಟು ಬಿಸಿಗೆ ಮೇಲಿನ ರಾಡ್ ಹತ್ರ ಇರೋದ್ರಿಂದ ಮಸಾಲೆ ಕರಿಯಾಗತ್ತೆ.

ಬಾಲದ ಕಡೆ ತೆಳ್ಳಗಿದ್ರೆ ಆ ತುದಿಯನ್ನ ಕೆಳಗೆ ಮಡಚಿಡಿ, ಆಗ ಎಲ್ಲಾ ಕಡೆ ಒಂದೇ ದಪ್ಪ ಆಗತ್ತೆ. ತುಂಡುಗಳು ಒಂದಕ್ಕೊಂದು ತಾಗಬಾರ್ದು. ಒಟಿಜಿ ನಾಬ್ ಮೇಲಿರೋ ನಂಬರ್ ಮತ್ತೆ ಒಳಗಿನ ನಿಜವಾದ ಬಿಸಿ ಎಷ್ಟೋ ಸಲ ಹೊಂದಲ್ಲ, ಒಂದು ಓವನ್ ಥರ್ಮಾಮೀಟರ್ ತಂದು ಒಳಗೆ ನೇತುಹಾಕಿ ನೋಡಿ, ಮೀನಿಗಷ್ಟೇ ಅಲ್ಲ ಕೇಕಿಗೂ ಉಪಯೋಗ.

ಬೆಂದಿದೆ ಅಂತ ಹೇಗೆ ಗೊತ್ತಾಗತ್ತೆ?

ಹಸಿ ಮೀನು ಅರೆಪಾರದರ್ಶಕ ಇರತ್ತೆ, ಬೆಂದಾಗ ಪೂರ್ತಿ ಬೆಳ್ಳಗೆ. ಅತಿ ದಪ್ಪ ಇರೋ ಜಾಗದಲ್ಲಿ ಫೋರ್ಕ್ ಚುಚ್ಚಿ ಸ್ವಲ್ಪ ತಿರುಗಿಸಿ, ಪದರ ಪದರವಾಗಿ ಬಿಡಿಸಿಕೊಂಡ್ರೆ ಆಯ್ತು. ತಡೆ ಕೊಟ್ರೆ, ರಬ್ಬರಿನ ಹಾಗೆ ಹಿಡ್ಕೊಂಡ್ರೆ, ಇನ್ನೆರಡು ನಿಮಿಷ. ಮುಟ್ಟಿದ ತಕ್ಷಣ ಪುಡಿಪುಡಿ ಆದ್ರೆ ಹದ ದಾಟಿದೆ. ಥರ್ಮಾಮೀಟರ್ ಇದ್ರೆ ಮಧ್ಯದಲ್ಲಿ 63 ಡಿಗ್ರಿ ಸೆಲ್ಸಿಯಸ್, ಅಮೆರಿಕಾದ ಆಹಾರ ಸುರಕ್ಷತೆ ಇಲಾಖೆಯವ್ರು ಮೀನಿಗೆ ಹೇಳೋ ಲೆಕ್ಕ ಅದು.

ಇಷ್ಟು ಬೇಗ ಹೇಗೆ ಬೇಯತ್ತೆ, ಒಳಗೆ ಹಸಿ ಇರಲ್ವಾ ಅಂತ ಕೆಲವ್ರಿಗೆ ಅನುಮಾನ, ವಿಶೇಷವಾಗಿ ಮಟನ್ ಬೇಯಿಸಿ ಅಭ್ಯಾಸ ಇರೋ ಮನೆಗಳಲ್ಲಿ. ಮೀನು ನೀರಲ್ಲಿ ತೇಲೋ ಪ್ರಾಣಿ, ಅದರ ಭಾರವನ್ನ ನೀರೇ ಹೊರತ್ತೆ, ಹಾಗಾಗಿ ಕುರಿಗಿರೋ ಥರದ ಗಟ್ಟಿ ನಾರು ಅದಕ್ಕೆ ಬೇಕಾಗಿಲ್ಲ. ಮೀನಿನ ಸ್ನಾಯು ಚಿಕ್ಕ ಚಿಕ್ಕ ಪದರ, ಮಧ್ಯೆ ಇರೋ ಜೋಡಣೆ ಅಂಗಾಂಶ ತೆಳು, ಕಮ್ಮಿ ಬಿಸಿಗೇ ಕರಗಿಹೋಗತ್ತೆ. ಅದಕ್ಕೇ ಪದರ ಬಿಡೋದು. ಮಟನ್ ಹೆಚ್ಚು ಬೇಯಿಸಿದಷ್ಟು ಮೃದು, ಬಿಳಿ ಮೀನು ಹೆಚ್ಚು ಬೇಯಿಸಿದಷ್ಟು ಒಣ. ಹಾಗಾಗಿ ಹೇಳಿದ ಟೈಮಿಗಿಂತ ಎರಡು ನಿಮಿಷ ಮುಂಚೆನೇ ಬಾಗಿಲು ತೆಗ್ದು ನೋಡಿ, ಹೊರಗೆ ತೆಗ್ದ ಮೇಲೂ ಒಳಗಿನ ಬಿಸಿಗೆ ಅದು ಸ್ವಲ್ಪ ಬೇಯ್ತಾನೇ ಇರತ್ತೆ.

ಮೊದಲ ಸಲ ಮಾಡೋರಿಗೆ ಒಂದು ಸರಳ ರೆಸಿಪಿ ಹೇಳಿ.

ಮೂರ್ನಾಲ್ಕು ಜನಕ್ಕೆ ಅರ್ಧ ಕೆಜಿ ಫಿಲೆಟ್ ತಗೊಳಿ. ಮೇಲೆ ಹೇಳಿದ ಹಾಗೆ ಉಪ್ಪು ಹಚ್ಚಿ, ಬಿಟ್ಟು, ಒರೆಸಿ. ಒಂದು ಬಟ್ಟಲಲ್ಲಿ ಎರಡು ದೊಡ್ಡ ಚಮಚ ಎಣ್ಣೆ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಲು ಚಮಚ ಅರಿಶಿನ, ಅರ್ಧ ಚಮಚ ಆಗ ಕುಟ್ಟಿದ ಕಾಳುಮೆಣಸು, ಅರ್ಧ ಚಮಚ ಜೀರಿಗೆ ಪುಡಿ, ನುಣ್ಣಗೆ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಒಗ್ಗರಣೆ ಸೌಟಲ್ಲಿ ಸಣ್ಣ ಉರೀಲಿ ಅರ್ಧ ನಿಮಿಷ ಬಿಸಿ ಮಾಡಿ, ಬೆಳ್ಳುಳ್ಳಿ ಘಮ ಬಂದ ತಕ್ಷಣ ಇಳಿಸ್ಬೇಕು, ಮೆಣಸಿನ ಪುಡಿ ಸೀದ್ರೆ ಕಹಿ. ಆರಿದ ಮೇಲೆ ಮೀನಿಗೆ ಸವರಿ.

ಓವನ್ ಪ್ರೀಹೀಟ್ ಆಗೋವಾಗ ಖಾಲಿ ಟ್ರೇಯನ್ನೂ ಒಳಗೇ ಇಡಿ. ಕಾದ ಟ್ರೇಗೆ ಒಂದು ಚಮಚ ಎಣ್ಣೆ ಹಾಕಿ ಮೀನಿಟ್ರೆ ಚುಯ್ ಅನ್ನತ್ತೆ, ಅಡಿ ಭಾಗ ಅಲ್ಲೇ ಗಟ್ಟಿಯಾಗಿ ಅಂಟೋದು ತಪ್ಪತ್ತೆ. ಸ್ಟೀಲ್ ಅಥವಾ ಅಲ್ಯುಮಿನಿಯಂ ಟ್ರೇಗೆ ಮಾತ್ರ ಇದು, ಗಾಜಿನ ಪಾತ್ರೆಗೆ ಹೀಗೆ ಮಾಡ್ಬೇಡಿ, ಕಾದ ಗಾಜಿಗೆ ತಣ್ಣನೆ ಮೀನು ಬಿದ್ರೆ ಒಡೆಯೋ ಭಯ ಇದೆ. 200 ಡಿಗ್ರೀಲಿ 12 ನಿಮಿಷ, ತೆಗ್ದು ಅರ್ಧ ನಿಂಬೆ ಹಿಂಡಿ, ಕೊತ್ತಂಬರಿ ಸೊಪ್ಪು ಉದುರಿಸಿ. ತಿರುವಿ ಹಾಕೋದು ಬೇಡ.

ರುಬ್ಬಿದ ಮೀನು ಮಸಾಲೆ ಹಚ್ಚಿ ಬೇಕ್ ಮಾಡಿದ್ರೆ ಹಸಿ ಹಸಿ ವಾಸನೆ ಬರತ್ತೆ. ಏನ್ ಮಾಡೋದು?

ತವಾ ಮೇಲೆ ಮಸಾಲೆ ನೇರ ಕಾದ ಕಬ್ಬಿಣಕ್ಕೆ, ಎಣ್ಣೆಗೆ ತಾಗಿ ಹುರಿಯತ್ತೆ. ಓವನ್‌ನಲ್ಲಿ ಬರೀ ಬಿಸಿ ಗಾಳಿ, ಅದೂ ಹನ್ನೆರಡು ನಿಮಿಷ, ಮೀನು ಬೇಯೋಕೆ ಸಾಕು, ಹಸಿ ಬೆಳ್ಳುಳ್ಳಿ ಹಸಿ ಮೆಣಸು ಹುರಿಯೋಕೆ ಸಾಲಲ್ಲ. ಮಸಾಲೆ ಬೇಯ್ಲಿ ಅಂತ ಹೊತ್ತು ಬಿಟ್ರೆ ಮೀನು ಒಣಗತ್ತೆ. ಹಾಗಾಗಿ ಎರಡನ್ನೂ ಬೇರೆ ಮಾಡಿ, ಮಸಾಲೆಯನ್ನ ಮೊದ್ಲೇ ಒಲೆ ಮೇಲೆ ಎಣ್ಣೇಲಿ ಹುರ್ಕೊಂಡು, ಎಣ್ಣೆ ಬಿಡ್ತು ಅಂದಾಗ ಇಳಿಸಿ, ಆಮೇಲೆ ಮೀನಿಗೆ ಬಳಿಯಿರಿ. ಮಂಗಳೂರು ಕಡೆ ಮಸಾಲೆ ಅಂದ್ರೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಅರಿಶಿನ, ಹುಣಸೆಹಣ್ಣು, ಇದನ್ನ ನೀರು ಆದಷ್ಟು ಕಮ್ಮಿ ಹಾಕಿ ಗಟ್ಟಿಗೆ ರುಬ್ಬಿ ಐದಾರು ನಿಮಿಷ ಹುರಿದ್ರೆ ಫ್ರಿಜ್‌ನಲ್ಲಿ ಬಾಟಲಿಗೆ ಹಾಕಿಟ್ಟು ವಾರವಿಡೀ ಉಪಯೋಗಿಸ್ಬೋದು. ಭಾನುವಾರ ಒಂದ್ಸಲ ರುಬ್ಬಿ ಹುರಿದಿಟ್ರೆ ಬುಧವಾರ ರಾತ್ರಿ ಕೆಲಸ ಅರ್ಧ ಮುಗೀತು ಅಂತಾನೇ ಲೆಕ್ಕ, ಬ್ಯಾಚುಲರ್ ಹುಡುಗ್ರಿಗಂತೂ ಇದನ್ನ ಕೈ ಹಿಡ್ದು ಹೇಳ್ತೀನಿ.

ಕೊಡಗಿನ ರುಚಿ ಬೇಕಂದ್ರೆ ಕಾಳುಮೆಣಸು, ಹುರಿದ ಜೀರಿಗೆ, ಸ್ವಲ್ಪ ಸಾಸಿವೆ ಪುಡಿ ಮಾಡಿ ಎಣ್ಣೆ ಜೊತೆ ಸವರಿ, ಓವನ್‌ನಿಂದ ತೆಗ್ದ ಮೇಲೆ ಕಾಚಂಪುಳಿ ಕೆಲವೇ ಹನಿ ಹಾಕಿ, ತುಂಬಾ ಗಾಢ ಹುಳಿ ಅದು, ಚಮಚಗಟ್ಟಲೆ ಸುರೀಬೇಡಿ. ಈ ಮಸಾಲೇಲಿ ಹಸಿ ಪದಾರ್ಥ ಇಲ್ಲದೇ ಇರೋದ್ರಿಂದ ಓವನ್‌ಗೆ ಹೇಳಿ ಮಾಡ್ಸಿದ ಹಾಗಿದೆ. ಹಸಿರು ಮಸಾಲೆ, ಅಂದ್ರೆ ಕೊತ್ತಂಬರಿ ಸೊಪ್ಪು, ಪುದೀನ, ಹಸಿಮೆಣಸು, ಶುಂಠಿ, ಅದನ್ನ ಮಾತ್ರ ಹುರಿದ್ರೆ ಬಣ್ಣ ಹೋಗತ್ತೆ, ಅದಕ್ಕೆ ಎಲೆ ಸುತ್ತೋ ವಿಧಾನ ಸರಿ, ಮುಂದೆ ಹೇಳ್ತೀನಿ.

ನಿಂಬೆರಸ ಹಾಕಿ ರಾತ್ರಿ ಇಡೀ ನೆನೆಸಿಟ್ರೆ ಒಳ್ಳೇದಲ್ವಾ?

ಬೇಡ. ಚಿಕನ್ ಲೆಕ್ಕ ಮೀನಿಗೆ ನಡೆಯಲ್ಲ. ಹುಳಿ ಮೀನಿನ ಪ್ರೋಟೀನನ್ನ ಬಿಸಿ ಇಲ್ಲದೇನೇ ಗಟ್ಟಿ ಮಾಡತ್ತೆ, ಹೊರಗೆ ಬೆಳ್ಳಗೆ ಪುಡಿಪುಡಿ ಆಗತ್ತೆ, ಆಮೇಲೆ ಓವನ್‌ನಲ್ಲಿ ಇನ್ನೂ ಒಣಗತ್ತೆ. ಹುಳಿ ಇರೋ ಮಸಾಲೆ ಆದ್ರೆ 15-20 ನಿಮಿಷ ಸಾಕು. ನಿಂಬೆ ಮಾತ್ರ ಕೊನೇಲಿ ಹಿಂಡೋದೇ ಉತ್ತಮ.

ರವೆ ಹಚ್ಚಿದ್ರೆ ಫ್ರೈ ಥರ ಗರಿಗರಿ ಆಗತ್ತಾ?

ಒಣ ರವೆ ಹಾಗೇ ಹಚ್ಚಿದ್ರೆ ಆಗಲ್ಲ, ಮರಳು ಮರಳಾಗಿ ಬೆಳ್ಳಗೇ ಉಳಿಯತ್ತೆ. ರವೆಯನ್ನ (ಅಥವಾ ಬ್ರೆಡ್ ಪುಡೀನ) ಒಂದು ಚಮಚ ಎಣ್ಣೆ ಹಾಕಿ ಬಾಣಲೇಲಿ ಹೊಂಬಣ್ಣ ಬರೋವರೆಗೆ ಹುರ್ಕೊಂಡು, ಮೀನಿನ ಮೇಲ್ಭಾಗಕ್ಕೆ ಮಾತ್ರ ಒತ್ತಿ ಅಂಟಿಸಿ. ಕೆಳಗೆ ಹಚ್ಚಿದ್ರೆ ನೆನೆದು ಹಿಟ್ಟಾಗತ್ತೆ. ಕೊನೇ ಎರಡು ನಿಮಿಷ ಟ್ರೇ ಮೇಲಿನ ರ‍್ಯಾಕ್‌ಗೆ ತಂದು ಮೇಲಿನ ರಾಡ್ ಮಾತ್ರ ಆನ್ ಮಾಡಿ, ಪಕ್ಕದಲ್ಲೇ ನಿಂತ್ಕೊಂಡು ನೋಡಿ. ಆದ್ರೂ ಎಣ್ಣೇಲಿ ಕರಿದ ರವಾ ಫ್ರೈಯಷ್ಟು ಗರಿಗರಿ ಬರಲ್ಲ, ಅದೇ ಬೇಕು ಅಂದ್ರೆ ತವಾನೇ ಹಚ್ಚಿ.

ಫಾಯಿಲ್, ಬಟರ್ ಪೇಪರ್, ಬಾಳೆ ಎಲೆ, ಯಾವ್ದು ಒಳ್ಳೇದು?

ಮೇಲೆ ಕೆಂಪಗಾಗ್ಬೇಕಂದ್ರೆ ಯಾವ್ದೂ ಸುತ್ತಬೇಡಿ, ಅಡಿಗೆ ಮಾತ್ರ ಪೇಪರ್ ಹಾಸಿ. ಅಂಗಡೀಲಿ ಬಟರ್ ಪೇಪರ್ ಅಂತ ಕೊಡೋದೆಲ್ಲ ಓವನ್‌ಗೆ ಆಗಲ್ಲ, ಬಿಸಿಗೆ ಅಂಟ್ಕೊಳತ್ತೆ, ಹೊಗೆ ಬರತ್ತೆ. ಪಾರ್ಚ್‌ಮೆಂಟ್ ಅಥವಾ ಬೇಕಿಂಗ್ ಪೇಪರ್ ಅಂತ ಬರ್ದು, ಎಷ್ಟು ಡಿಗ್ರಿ ತಡೆಯತ್ತೆ ಅಂತ ಡಬ್ಬಿ ಮೇಲಿದ್ರೆ ಮಾತ್ರ ತಗೊಳಿ. ಫಾಯಿಲ್‌ಗೆ ಹುಣಸೆ, ನಿಂಬೆ, ಉಪ್ಪು ನೇರ ತಾಗಿದ್ರೆ ಅಲ್ಯುಮಿನಿಯಂ ಸವೆದು ಮಸಾಲೆಗೆ ಲೋಹದ ರುಚಿ ಬರತ್ತೆ.

ಬಾಳೆ ಎಲೆ ಇದೆಯಲ್ಲ, ಅದರ ಬಗ್ಗೆ ನಂಗೆ ಎಷ್ಟು ಹೇಳಿದ್ರೂ ಸಾಲದು. ಪಾರ್ಸಿಗಳ ಪಾತ್ರಾ ನಿ ಮಚ್ಛಿ, ಕೇರಳದ ಕರಿಮೀನ್ ಪೊಳ್ಳಿಚ್ಚದ್, ಎರಡೂ ಬಾಳೆ ಎಲೇಲಿ ಸುತ್ತಿದ ಮೀನೇ. ಎಲೆಯ ದಂಟು ತೆಗ್ದು, ಗ್ಯಾಸ್ ಉರಿ ಮೇಲೆ ಹಿಂದೆ ಮುಂದೆ ಆಡಿಸಿ ಬಾಡಿಸಿ, ಬಣ್ಣ ಗಾಢವಾಗಿ ಮಿರಿಮಿರಿ ಮಿಂಚೋಕೆ ಶುರುವಾದ್ರೆ ಆಯ್ತು, ಬಾಡಿಸದೇ ಮಡಚಿದ್ರೆ ಹರಿಯತ್ತೆ. ಹೊಳಪಿನ ಕಡೆಗೆ ತೆಂಗಿನೆಣ್ಣೆ ಸವರಿ ಮೀನಿಟ್ಟು, ಹಸಿರು ಮಸಾಲೆ ದಪ್ಪಗೆ ಮೆತ್ತಿ, ಪೊಟ್ಟಣ ಕಟ್ಟಿ, ದಾರ ಸುತ್ತಿ, 200 ಡಿಗ್ರೀಲಿ 15ರಿಂದ 18 ನಿಮಿಷ. ಮೀನು ತನ್ನದೇ ಆವೀಲಿ ಬೇಯತ್ತೆ, ಒಣಗೋ ಮಾತೇ ಇಲ್ಲ, ಬಾಸಾ ಥರದ ಸಪ್ಪೆ ಮೀನಿಗೂ ಎಲೆಯ ಘಮ ಹಿಡಿಯತ್ತೆ. ಬಿಸಿ ಪೊಟ್ಟಣ ಹಾಗೇ ತಟ್ಟೆಗೆ ಹಾಕಿ ಅವರವರೇ ಬಿಚ್ಚಿಕೊಳ್ಳೋಕೆ ಬಿಡಿ.

ಒಟಿಜಿ ಇಲ್ಲ, ಮೈಕ್ರೋವೇವ್ ಇದೆ. ಆಗತ್ತಾ?

ಕನ್ವೆಕ್ಷನ್ ಮೋಡ್ ಇರೋ ಮೈಕ್ರೋವೇವ್ ಆದ್ರೆ ಆಗತ್ತೆ, 200ಕ್ಕೆ ಪ್ರೀಹೀಟ್ ಮಾಡಿ, ಜೊತೆಗೆ ಬಂದ ಗಿಡ್ಡ ಸ್ಟ್ಯಾಂಡ್ ಮೇಲಿಡಿ. ಬರೀ ಮೈಕ್ರೋ ಮೋಡಲ್ಲಿ ಲೋಹದ ಟ್ರೇ, ಫಾಯಿಲ್ ಇಡೋ ಹಾಗಿಲ್ಲ, ಗೊತ್ತಿರ್ಲಿ. ಏರ್ ಫ್ರೈಯರ್ ಆದ್ರೆ 180 ಡಿಗ್ರಿ, ಎಂಟರಿಂದ ಹತ್ತು ನಿಮಿಷ, ಫ್ಯಾನ್ ಜೋರಿರೋದ್ರಿಂದ ಮೇಲ್ಭಾಗ ಬೇಗ ಒಣಗತ್ತೆ, ಎಣ್ಣೆ ಸವರೋದು ಮರೀಬೇಡಿ. ಯಾವ್ದೂ ಇಲ್ಲಾಂದ್ರೆ ದಪ್ಪ ತಳದ ಬಾಣಲೆ, ಎಲೆ ಪೊಟ್ಟಣ, ಮೇಲೊಂದು ಮುಚ್ಚಳ, ಸಣ್ಣ ಉರಿ, ಒಂದೊಂದು ಕಡೆ ಆರೇಳು ನಿಮಿಷ.

ಮನೆ ತುಂಬಾ ಮೀನಿನ ವಾಸನೆ ಆಗಲ್ವಾ? ಅಪಾರ್ಟ್‌ಮೆಂಟಲ್ಲಿ ಇದೀವಿ.

ಕರಿಯೋದಕ್ಕೆ ಹೋಲಿಸಿದ್ರೆ ತುಂಬಾ ಕಮ್ಮಿ, ಎಣ್ಣೆ ಸಿಡಿದು ಹೊಗೆ ಏಳಲ್ಲ ನೋಡಿ. ವಾಸನೆ ಬರೋದು ಮುಖ್ಯವಾಗಿ ಹಳೇ ಮೀನಿಂದ. ಸಮುದ್ರದ ಮೀನಿನ ಮಾಂಸದಲ್ಲಿರೋ ಒಂದು ಸಂಯುಕ್ತ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳಿಂದ ಟ್ರೈಮೀಥೈಲಮೀನ್ ಆಗಿ ಬದಲಾಗತ್ತೆ, ನಾವು ಮೀನುವಾಸನೆ ಅನ್ನೋದು ಅದನ್ನೇ. ಹುಳಿ ಅದನ್ನ ಕಟ್ಟಿಹಾಕತ್ತೆ, ಹುಣಸೆ, ನಿಂಬೆ, ಪುನರ್ಪುಳಿ ಇಲ್ಲದ ಮೀನಡುಗೆ ನಮ್ಮಲ್ಲಿ ಕಮ್ಮಿ ಇರೋದು ಸುಮ್ನೆ ಅಲ್ಲ. ಬಾಸಾ, ತಿಲಾಪಿಯಾದಲ್ಲಿ ಬರೋ ಮಣ್ಣಿನ ವಾಸನೆ ಬೇರೆ, ಅದು ಕೆರೆ ನೀರಿನ ಪಾಚಿ, ಸೂಕ್ಷ್ಮಜೀವಿಗಳಿಂದ ಬರೋ ಜಿಯೋಸ್ಮಿನ್. ಹುಳಿ ಮಜ್ಜಿಗೇಲಿ ಹತ್ತು ನಿಮಿಷ ನೆನೆಸಿ, ತೊಳ್ದು ಒರೆಸಿದ್ರೆ ಎರಡಕ್ಕೂ ಆಗತ್ತೆ.

ಊಟ ಆದ ಮೇಲೆ ಟ್ರೇಯನ್ನ ಅವತ್ತೇ ತೊಳೀರಿ. ಬಿಸಿ ಆರೋ ಮುಂಚೆ ಒಂದು ಬಟ್ಟಲು ನೀರಿಗೆ ನಿಂಬೆ ಸಿಪ್ಪೆ ಹಾಕಿ ಓವನ್‌ನಲ್ಲಿ ಹತ್ತು ನಿಮಿಷ ಇಟ್ರೆ ನಾಳೆ ಮಾಡೋ ಕೇಕಿಗೆ ಮೀನಿನ ಘಮ ಬರಲ್ಲ.

ಅದೇ ಟ್ರೇಲಿ ತರಕಾರೀನೂ ಇಡ್ಬೋದಾ?

ಇಡ್ಬೋದು, ಆದ್ರೆ ಎಲ್ಲಾ ಒಟ್ಟಿಗೆ ಅಲ್ಲ. ಆಲೂಗಡ್ಡೆಗೆ ಅರ್ಧ ಗಂಟೆ ಮೇಲೆ ಬೇಕು, ಮೀನಿಗೆ ಹನ್ನೆರಡು ನಿಮಿಷ. ಆಲೂ, ಕ್ಯಾರೆಟ್ ಸಣ್ಣಗೆ ಹೆಚ್ಚಿ ಎಣ್ಣೆ ಉಪ್ಪು ಹಾಕಿ ಇಪ್ಪತ್ತು ನಿಮಿಷ ಮುಂಚೆ ಒಳಗಿಡಿ, ಆಮೇಲೆ ಟ್ರೇ ತೆಗ್ದು ಜಾಗ ಮಾಡಿ ಮೀನಿಡಿ. ಈರುಳ್ಳಿ, ಕ್ಯಾಪ್ಸಿಕಂ ತೆಳ್ಳಗೆ ಹೆಚ್ಚಿದ್ರೆ ಮೀನಿನ ಜೊತೆಗೇ ಆಗತ್ತೆ. ಟೊಮ್ಯಾಟೊ ನೀರು ಬಿಡತ್ತೆ, ಹುಳಿ ಗೊಜ್ಜಿನ ಥರ ಬೇಕಂದ್ರೆ ಸರಿ, ಮೀನು ಕೆಂಪಗಾಗ್ಬೇಕಂದ್ರೆ ದೂರ ಇಡಿ.

ಮಕ್ಕಳಿಗೆ ಕೊಡ್ಬೋದಾ? ಮುಳ್ಳಿನ ಭಯ. ಬಸುರಿಯರು ತಿನ್ಬೋದಾ?

ಅಂಗಡಿ ಫಿಲೆಟ್ ಆದ್ರೂ ನಂಬಿ ಕೂರಬೇಡಿ, ಹಸಿ ಇರುವಾಗ್ಲೇ ಮಧ್ಯದ ಗೆರೆ ಮೇಲೆ ತಲೆಯಿಂದ ಬಾಲದ ಕಡೆಗೂ, ಬಾಲದಿಂದ ತಲೆಯ ಕಡೆಗೂ ಬೆರಳಾಡಿಸಿ, ಚುಚ್ಚಿದ ಕಡೆ ಚಿಮಟದಲ್ಲಿ ಎಳೀರಿ. ಚಿಕ್ಕ ಮಕ್ಕಳಿಗೆ ಬಡಿಸುವಾಗ ಕೈಯಲ್ಲೇ ಪದರ ಬಿಡಿಸಿ ನೋಡಿ ಕೊಡಿ. ಖಾರ ತಿನ್ನದ ಮಕ್ಕಳಿಗೆ ಬೆಣ್ಣೆ, ಚಿಟಿಕೆ ಕಾಳುಮೆಣಸು, ಉಪ್ಪು ಇಷ್ಟೇ ಹಾಕಿ ಅದೇ ಟ್ರೇಯ ಮೂಲೇಲಿ ಒಂದು ತುಂಡು ಇಡ್ಬೋದು.

ಬಸುರಿಯರಿಗೆ ಪೂರ್ತಿ ಬೆಂದ ಮೀನು ಒಳ್ಳೇದೇ, ಪಾದರಸ ಕಮ್ಮಿ ಇರೋ ಮೀನಾಗಿರ್ಬೇಕು ಅಷ್ಟೇ. ತಿಲಾಪಿಯಾ, ಸೋಲ್, ಹೊರದೇಶದಲ್ಲಿ ಸಿಗೋ ಕಾಡ್, ಹ್ಯಾಡಕ್ ಇವು ಕಮ್ಮಿ ಪಾದರಸದ ಪಟ್ಟೀಲಿ ಬರತ್ತೆ. ಶಾರ್ಕ್ ಅಂದ್ರೆ ತಾಟೆ ಥರದ ದೊಡ್ಡ ಬೇಟೆ ಮೀನುಗಳು ಬೇಡ. ನಿಮ್ಮ ಡಾಕ್ಟರನ್ನ ಒಮ್ಮೆ ಕೇಳಿ. ಇನ್ನೊಂದು, ಒಮೆಗಾ-3 ಬೇಕು ಅಂತ ಮೀನು ತಿನ್ನೋರಿಗೆ ಬಿಳಿ ಮೀನಿಗಿಂತ ಬಂಗುಡೆ ಬೂತಾಯೀನೇ ಮೇಲು, ಬಿಳಿ ಮೀನು ಕೊಡೋದು ಕಮ್ಮಿ ಕೊಬ್ಬಿನ ಪ್ರೋಟೀನ್, 100 ಗ್ರಾಂ ಕಾಡ್‌ನಲ್ಲಿ 18 ಗ್ರಾಂ ಹತ್ರ ಇರತ್ತೆ.

ಹೊರದೇಶದಲ್ಲಿ ಇದೀವಿ, ಇಲ್ಲಿ ಕಾಡ್, ಹ್ಯಾಡಕ್ ಸಿಗತ್ತೆ. ನಮ್ಮ ಮಸಾಲೆ ಹೊಂದತ್ತಾ?

ಚೆನ್ನಾಗಿ ಹೊಂದತ್ತೆ. ಕಾಡ್ ಪದರ ದೊಡ್ಡದು, ಬೇಗ ಬಿಡಿಸ್ಕೊಳತ್ತೆ, ಹಾಗಾಗಿ ಸಾರಿಗೆ ಹಾಕಿದ್ರೆ ಒಡೆದು ಹೋಗೋ ಮೀನು ಓವನ್‌ನಲ್ಲಿ ಆಕಾರ ಉಳಿಸ್ಕೊಳತ್ತೆ. ಅಲ್ಲಿನ ಓವನ್ ಫ್ಯಾನ್ ಇರೋದಾದ್ರೆ 180 ಡಿಗ್ರಿ ಸಾಕು, ಅಮೆರಿಕಾದಲ್ಲಿ ಫ್ಯಾರನ್‌ಹೀಟ್ ಲೆಕ್ಕ, 400 ಇಡಿ. ಬ್ಯಾಡಗಿ ಸಿಗದಿದ್ರೆ ಕಾಶ್ಮೀರಿ ಮೆಣಸಿನ ಪುಡಿ ಬಣ್ಣಕ್ಕೆ ಹತ್ರ. ಚರ್ಮ ಇರೋ ಫಿಲೆಟ್ ಆದ್ರೆ ಚರ್ಮ ಕೆಳಗೆ ಮಾಡಿಡಿ. ಬಾಳೆ ಎಲೆ ಏಷ್ಯನ್ ಅಂಗಡಿಗಳ ಫ್ರೀಜರ್‌ನಲ್ಲಿ ಸಿಗತ್ತೆ.

ಮಧ್ಯದಲ್ಲಿ ಕರೆಂಟ್ ಹೋದ್ರೆ?

ಬಾಗಿಲು ತೆಗೀಬೇಡಿ. ಅರ್ಧಕ್ಕಿಂತ ಜಾಸ್ತಿ ಹೊತ್ತು ಆಗಿದ್ರೆ ಒಳಗಿನ ಬಿಸಿಗೇ ಐದಾರು ನಿಮಿಷದಲ್ಲಿ ಬೇಯತ್ತೆ. ಈಗಷ್ಟೇ ಇಟ್ಟಿದ್ರೆ ತೆಗ್ದು ತವಾ ಮೇಲೆ ಹಾಕಿ ಮುಚ್ಚಳ ಮುಚ್ಚಿ.

ಇದರ ಜೊತೆ ಏನು ತಿನ್ನೋದು?

ಅನ್ನ, ತಿಳಿಸಾರು, ಪಕ್ಕದಲ್ಲಿ ಮೀನು, ಇದಕ್ಕಿಂತ ಸುಖ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಕುಚ್ಚಲಕ್ಕಿ ಗಂಜಿ ಜೊತೆ ಕೆಂಪು ಮಸಾಲೆ ಮೀನು, ನೀರುದೋಸೆ ಜೊತೆ ಹಸಿರು ಮಸಾಲೆ. ಟ್ರೇಲಿ ಉಳಿದ ಮಸಾಲೆ ಎಣ್ಣೆ ಚೆಲ್ಲಬೇಡಿ, ಬಿಸಿ ಅನ್ನ ಹಾಕಿ ಟ್ರೇಲೇ ಕಲಸಿ.

ಉಳಿದ್ರೆ ಮಾರನೇ ದಿನ ತಿನ್ಬೋದಾ?

ಮಾಡಿದ ಎರಡು ಗಂಟೆ ಒಳಗೆ ಮುಚ್ಚಿದ ಡಬ್ಬೀಲಿ ಫ್ರಿಜ್‌ಗೆ ಹೋಗ್ಬೇಕು, ಏಪ್ರಿಲ್ ಮೇ ಸೆಖೇಲಿ ಒಂದೇ ಗಂಟೆ. ಮಾರನೇ ದಿನವೇ ಮುಗ್ಸಿ. ಮೀನಿನ ತುಂಡಾಗಿ ಮತ್ತೆ ಬಿಸಿ ಮಾಡಿದ್ರೆ ಒಣಗೋದು ಖಂಡಿತ, ಆಫೀಸ್ ಮೈಕ್ರೋವೇವಲ್ಲಂತೂ ಬೇಡ, ಪಕ್ಕದವ್ರಿಗೂ ಕಷ್ಟ. ಅದರ ಬದಲು ಪುಡಿ ಮಾಡಿ ಬೇಯಿಸಿದ ಆಲೂಗಡ್ಡೆ, ಹಸಿಮೆಣಸು, ಈರುಳ್ಳಿ ಸೇರಿಸಿ ಕಟ್ಲೆಟ್ ತಟ್ಟಿ ತವಾದಲ್ಲಿ ಕಾಯಿಸಿ, ಇಲ್ಲಾಂದ್ರೆ ಸಾಸಿವೆ ಕರಿಬೇವು ಈರುಳ್ಳಿ ಒಗ್ಗರಣೆಗೆ ಹಾಕಿ ಕಾಯಿತುರಿ ಉದುರಿಸಿ ಪಲ್ಯದ ಹಾಗೆ ಮಾಡಿ, ಚಪಾತಿ ಒಳಗೆ ಸುತ್ತಿ ಡಬ್ಬಿಗೆ ಕಟ್ಟಬೋದು. ಉಪ್ಪು ಮೊದ್ಲೇ ಇರತ್ತೆ, ಆಲೂಗಡ್ಡೆಗೆ ಬೇಕಾದಷ್ಟು ಮಾತ್ರ ಹಾಕಿ.